ಗಾಳಿಯೊಳಗಿನ ಹಾದಿ

ಹುಕ್ಕೇರಿಯಲ್ಲಿ ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಟವರ್ ಎಂಜಿನಿಯರರಿಗೆ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಸಾಹೇಬ್ರ, ಸಿಗ್ನಲ್ ಕಡ್ಡಿ ಪೂರಾ ಅದಾವು, ಫೋನ್ ಯಾಕ ಹತ್ತವಲ್ದು?”

ಅವರು ಹೆಬ್ಬೆರಳು, ತೋರುಬೆರಳ ನಡುವೆ ಚೂರೇ ಜಾಗ ಬಿಟ್ಟು ತೋರಿಸುತ್ತಿದ್ದರು. “ಗಾಳ್ಯಾಗ ನಮಗ ಕೊಟ್ಟ ಹಾದಿ ಇಷ್ಟ ಐತ್ರಿ.” ಪತ್ರಿಕೆಗಳು ತರಂಗಾಂತರ ಎಂದು ಬರೆಯುವುದಕ್ಕೆ ಅವರು ಹಾದಿ ಎನ್ನುತ್ತಿದ್ದರು. ಟವರ್ ಎತ್ತರಿಸಿದರೆ ಸಿಗ್ನಲ್ ದೂರ ಮುಟ್ಟುತ್ತದೆ, ಹಾದಿ ಮಾತ್ರ ಅಗಲವಾಗುವುದಿಲ್ಲ, ಅದರಲ್ಲಿ ಒಮ್ಮೆಗೆ ಕೆಲವರ ಮಾತಷ್ಟೇ ಹಿಡಿಸುತ್ತದೆ ಎಂದು ಚಹಾ ಆರುವವರೆಗೂ ವಿವರಿಸುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ.

ಒಂದು ಸಂತೆಯ ದಿನ ಚಹಾದಂಗಡಿಯಲ್ಲಿ ಅವರು ಮೇಲಧಿಕಾರಿಯೊಡನೆ ಫೋನಿನಲ್ಲಿದ್ದರು. ನಾನು ಎದುರಿಗಿದ್ದೆ. ಹತ್ತಿರದ ಊರು ಬೆಲ್ಲದ ಬಾಗೇವಾಡಿಯ ಮುದುಕಿಯೊಬ್ಬಳು ಕೈಯಲ್ಲಿ ಫೋನ್ ಹಿಡಿದು ಓಡಿಬಂದಳು.

“ಯಪ್ಪಾ, ಹೊಲಕ್ಕ ಹೊಡಿಯೂ ವಿಷದ ಎಣ್ಣಿ ಸರಬತ್ತಿನ ಬಾಟ್ಲ್ಯಾಗ ಹಾಕಿ ಮನಿ ಕಟ್ಟಿ ಮ್ಯಾಲ ಬಿಟ್ಟ ಬಂದೇನಿ. ಮೊಮ್ಮಗ ಸಾಲಿ ಬಿಟ್ಟ ಬರೂ ಹೊತ್ತಾತು. ಸೊಸಿಗೆ ಫೋನ್ ಹತ್ತವಲ್ದು!”

ಅವರು ಮೇಲಧಿಕಾರಿಯ ಮಾತನ್ನು ಅರ್ಧಕ್ಕೇ ಕತ್ತರಿಸಿ ಬೆಂಚು ಹತ್ತಿದರು. “ಎಲ್ಲಾರೂ ಫೋನ್ ಇಡ್ರಿ! ಕೂಸಿನ ಜೀವದ ಮಾತೈತಿ!”

ಕೂಗು ಅಂಗಡಿಯಿಂದ ಅಂಗಡಿಗೆ ದಾಟಿತು. ಫೋನುಗಳು ಕಿವಿಯಿಂದ ಇಳಿದವು. ಮುದುಕಿ ಮತ್ತೆ ಒತ್ತಿದಳು. ಫೋನ್ ಹತ್ತಿತು. ಹುಡುಗ ಬರುವ ಮೊದಲೇ ಸೊಸೆ ಬಾಟಲಿ ಎತ್ತಿಟ್ಟಳು.

“ಸಾಹೇಬ್ರು ನಿಂತಲ್ಲೇ ಟವರ್ ರಿಪೇರಿ ಮಾಡಿದ್ರು!” ಎಂದ ಚಹಾದಂಗಡಿಯವನು. ಆ ಸುದ್ದಿಯನ್ನು ಊರೂರಿಗೆ ತಿಳಿಸಲು ಇಡೀ ಸಂತೆ ಒಟ್ಟಿಗೇ ಫೋನ್ ಕಿವಿಗಿಟ್ಟುಕೊಂಡಿತು. ಮರುಕ್ಷಣವೇ ಎಲ್ಲ ಕಡೆಯಿಂದ ಹತ್ತವಲ್ದು, ಹತ್ತವಲ್ದು ಎಂಬ ಕೂಗು.

ಅವರು ಇನ್ನೂ ಬೆಂಚಿನಿಂದ ಇಳಿದಿರಲಿಲ್ಲ. ಆ ಎರಡು ಬೆರಳುಗಳನ್ನು, ನಡುವೆ ಅದೇ ಚೂರು ಜಾಗ ಬಿಟ್ಟು, ಎತ್ತಿ ಹಿಡಿದರು.