ಹಂಪ್ ನಮ್ಮ ಬಾಗಿಲಿಗೆ ಬೇಡವೆಂದವಳು

ಢಮಾರ್! ಖಾಲಿ ಟಿಪ್ಪರ್ ಹಂಪ್ ಹತ್ತಿ ಇಳಿಯುವಾಗ ಹಿಂದಿನ ತಗಡು ಕುಣಿದು ಮಾಡುವ ಸದ್ದು. ಆ ಸದ್ದು ನನ್ನ ಮನೆ ಮುಂದೆ ಬೇಡವೆಂದು ನಾನೊಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ಎದುರು ಮನೆಯ ಮುನಿರತ್ನ ತನ್ನ ಕಾಲು ತೆತ್ತಳು. ಇದನ್ನು ಮೊದಲೇ ಬರೆದುಬಿಡುತ್ತೇನೆ — ತಡಮಾಡಿದರೆ ನನ್ನ ಕಾನ್ವೆಂಟ್ ಬುದ್ಧಿ ಇದಕ್ಕೂ ಒಂದು ಡೀಸೆಂಟ್ ಹೆಸರು ಹುಡುಕೀತು.

ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಬಂದರೆ ನಮ್ಮೂರು. ಕೋಟೆ ಬಿದ್ದುಹೋಗಿದೆ, ಕಲ್ಲಿನ ಊರಬಾಗಿಲು ಮಾತ್ರ ನಿಂತಿದೆ. ಹೆದ್ದಾರಿಯಲ್ಲಿ ಜಾಮ್ ಆದಾಗಲೆಲ್ಲ ಕಂಪನಿ ಬಸ್ಸು, ಜಲ್ಲಿ ಟಿಪ್ಪರ್ ಎಲ್ಲವೂ ಆ ಬಾಗಿಲ ಪಕ್ಕದ ತಿರುವಿನಲ್ಲಿ ನಮ್ಮ ಬೀದಿಗೆ ನುಗ್ಗುತ್ತವೆ. ತಿರುವು ಮುಗಿದ ಕೂಡಲೇ ಒಂದು ಬದಿಗೆ ನನ್ನ ಮನೆ, ಇನ್ನೊಂದು ಬದಿಗೆ ಮುನಿರತ್ನಳದು.

ಊರಿನವರೇ ಮಣ್ಣು, ಕಲ್ಲು ಸುರಿದು ಅಲ್ಲೊಂದು ಹಂಪ್ ಮಾಡಿದರು. ಗಾಡಿಗಳು ನಿಧಾನವಾದವು, ನಿಜ. ಆದರೆ ಲಕ್ವ ಹೊಡೆದು ಮುಂಕೋಣೆಯಲ್ಲಿ ಮಲಗಿದ್ದ ನನ್ನ ಗಂಡ ಪ್ರತಿ ಢಮಾರಿಗೂ ಬೆಚ್ಚಿಬೀಳುತ್ತಿದ್ದರು. ಮಾತು ಹೋಗಿತ್ತು — ಕಣ್ಣಲ್ಲೇ ಕೇಳುತ್ತಿದ್ದರು, ಏನದು, ಏನು... ಅವರನ್ನು ಹಿಂದಿನ ಕೋಣೆಗೆ ಸಾಗಿಸಿಕೊಡಿ ಎಂದಿದ್ದರೆ ಅರ್ಧ ಬೀದಿ ಓಡಿ ಬರುತ್ತಿತ್ತು. ಕೇಳುವುದಕ್ಕೆ ನನಗೆ ಪ್ರೆಸ್ಟೀಜ್.

ಅಷ್ಟರಲ್ಲಿ ಹಳೆಯ ಊರುಗಳ ಬೀದಿ ಸರಿಪಡಿಸುವ ಯೋಜನೆ ಬಂತು. ಅಳತೆಗೆ ಬಂದ ಎಂಜಿನಿಯರ್ ಹುಡುಗಿ ಉತ್ತರದವಳು. ತಮಿಳಿಲ್ಲ, ತೆಲುಗಿಲ್ಲ, ಕನ್ನಡವಂತೂ ಇಲ್ಲವೇ ಇಲ್ಲ. ಮೂರು ಭಾಷೆಯಲ್ಲೂ ಜಗಳವಾಡಬಲ್ಲ ನಮ್ಮೂರು ಅವಳ ಮುಂದೆ ಬಾಯಿ ಕಟ್ಟಿ ನಿಂತಿತು. ಇಂಗ್ಲಿಷ್ ಬಲ್ಲವಳೆಂದು ಎಲ್ಲರೂ ನನ್ನತ್ತ ತಿರುಗಿದರು.

"ನೀನೇ ಹೇಳಕ್ಕಯ್ಯ," ಎಂದಳು ಮುನಿರತ್ನ. "ಮಣ್ಣಿಂದು ಮಳೆ ಬಂದ್ರೆ ಕರಗೋಯ್ತದೆ. ಇಲ್ಲೇ, ನಮ್ಮ ಬಾಗ್ಲತ್ರಾನೇ ಗಟ್ಟಿ ಹಂಪ್ ಹಾಕ್ಸು ಅನ್ನು. ಟುಸ್ಸು ಪುಸ್ಸು ಅಂತ ಇಂಗ್ಲೀಸಲ್ಲಿ ಬಿಟ್ರೆ ಆಯಮ್ಮ ಹೆದ್ರಿಕೋಬೇಕು, ನೋಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ — ಇವರಿಗೆ ಇಲ್ಲಿ ಹಂಪ್ ಬೇಡವಂತೆ, ಸುಗ್ಗಿಯಲ್ಲಿ ರಾಗಿ ತೆನೆಯನ್ನು ಈ ರಸ್ತೆಗೇ ಹರಡಿ ಗಾಡಿಗಳ ಚಕ್ರಕ್ಕೆ ತುಳಿಸುತ್ತಾರೆ, ರಸ್ತೆ ಸಮವಾಗಿರಬೇಕು, ಊರಾಚೆ ಹಾಕಿಸಿ. ರಾಗಿ ಹರಡುವುದು ನಿಜವೇ. ಅದಕ್ಕೇ ಅವಳು ನಂಬಿದಳು. "ಸೋ ಥಾಟ್‌ಫುಲ್ ಆಫ್ ಯೂ, ಆಂಟಿ" ಎಂದು ಬೇರೆ ಹೇಳಿದಳು.

ಮುನಿರತ್ನಳ ಕಡೆ ತಿರುಗಿ ಎರಡನೆಯ ಸುಳ್ಳು: "ಹಳೇ ಕಲ್ಲುಬಾಗಿಲ ಹತ್ತಿರ ಹಾಕೋ ಹಾಗಿಲ್ಲವಂತೆ ಕಣೆ. ರೂಲ್ಸು."

"ಕಲ್ಲಿಗಿರೋ ಬೆಲೆ ಮನುಸ್ರಿಗಿಲ್ವಾ ಹಂಗಾರೆ?"



ಹೊಸ ಟಾರು ಬಂತು, ಮಣ್ಣಿನ ಹಂಪ್ ಹೋಯಿತು, ಮನೆ ಸ್ತಬ್ಧವಾಯಿತು. ನನ್ನ ಗಂಡ ಆ ಸುಗ್ಗಿಗೆ ಮುಂಚೆಯೇ ನಿದ್ದೆಯಲ್ಲಿ ಹೋದರು. ಆಗಲಾದರೂ ನಾನು — ಹಂಪ್ ಹಾಕಿಸಿ ಎಂದು ಕೇಳಬಹುದಿತ್ತು. ಕೇಳಿದರೆ ಮೊದಲು ಆಡಿದ ಸುಳ್ಳು ಹೊರಬೀಳುತ್ತದೆ.

ಸುಗ್ಗಿ ಬಂತು. ಮುನಿರತ್ನ ರಸ್ತೆಗೆ ತೆನೆ ಹರಡಿ, ಬಗ್ಗಿ ತಿರುವಿ ಹಾಕುತ್ತಿದ್ದಳು. ಶಿಫ್ಟಿಗೆ ತಡವಾದ ವ್ಯಾನೊಂದು ತಿರುವಿನಿಂದ ಬಂತು. ಕಿಟಕಿಯಲ್ಲಿ ನಿಂತಿದ್ದ ನಾನು ನೋಡಿದೆ. ಬ್ರೇಕ್ ಹಾಕಿದರೂ ಚಕ್ರಗಳು ರಾಗಿ ಹುಲ್ಲಿನ ಮೇಲೆ ಜಾರುತ್ತಲೇ ಬಂದವು...

ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಅವಳ ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ರಸ್ತೆಯೇನು ಇವಳ ಕಣವೇ ಎಂದು ಊರು ಅವಳನ್ನೇ ಬೈಯಿತು. ಅವಳು ಮಾತ್ರ ನನ್ನ ಕೈ ಹಿಡಿದು ನರ್ಸಿಗೆ ಹೇಳಿದಳು, "ನಮ್ಮಕ್ಕಯ್ಯ ಪಾಪ, ನಮಗೋಸ್ಕರ ಎಷ್ಟು ವಾದ ಮಾಡ್ತು. ಆ ರೂಲ್ಸಿನೋರೇ ಕೇಳ್ನಿಲ್ಲ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದದ್ದು "ರೆಸ್ಟ್ ತಗೋ."

ಆವತ್ತಿನಿಂದ ಅವಳ ಕೃತಜ್ಞತೆಯೊಳಗೆ ಕೂಡಿಹಾಕಿದಂತಿದ್ದೇನೆ. ರಸ್ತೆಯ ವಿಷಯಕ್ಕೆ ಯಾವ ಅಧಿಕಾರಿ ಬಂದರೂ ಊರಿನವರು ನನ್ನನ್ನೇ ಕರೆಯುತ್ತಾರೆ — ನಮ್ಮ ಪರ ಮಾತಾಡಿದವರು ಎಂದು. ತಲೆನೋವೆಂದು ಕಿಟಕಿ ಮುಚ್ಚಿಕೊಳ್ಳುತ್ತೇನೆ. ಮುಚ್ಚಿದರೂ ಕೇಳುತ್ತದೆ, ಯಾವ ಅಡ್ಡಿಯೂ ಇಲ್ಲದೆ ಸುಯ್ಯೆಂದು ಹೋಗುವ ಗಾಡಿಗಳು. ಇಂಗ್ಲಿಷಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆದಿದ್ದೇನೆ, ಊರೂ ಓದಲಿ. ಮುನಿರತ್ನ ಓದಲಾರಳು. ಅವಳಿಗೆ ನಾನೇ ಹೋಗಿ ಹೇಳಬೇಕು.

ಅವಳ ಮಗಳು ಅವಳನ್ನು ಹೊಸೂರಿನ ಹತ್ತಿರದ ಮೂಕಂಡಪಲ್ಲಿಗೆ, ತನ್ನ ಮನೆಗೆ ಕರೆದೊಯ್ದ ದಿನವೇ ಹೇಳಿಬಿಡೋಣವೆಂದು ಮೆಟ್ಟಿಲಿಳಿದಿದ್ದೆ. ಆಟೋ ಆ ಬದಿಯಲ್ಲಿತ್ತು. ನಾನು ರಸ್ತೆಗೆ ಕಾಲಿಟ್ಟದ್ದೇ ತಡ, ಮುನಿರತ್ನ ಊರುಗೋಲು ಮಗಳ ಕೈಗೆ ಕೊಟ್ಟು, ಆಟೋಗೆ ಒರಗಿ, ಕೈ ಅಡ್ಡ ಚಾಚಿ ಕೂಗಿದಳು:

"ಬರ್ಬ್ಯಾಡ ಅಕ್ಕಯ್ಯ! ಗಾಡಿಗಳು ಕಣ್ಣು ಮುಚ್ಕೊಂಡು ಬತ್ತಾವೆ. ಅಲ್ಲೇ ನಿಂತ್ಕೋ!"

ನಿಂತೆ. ಟಿಪ್ಪರೊಂದು ಸ್ವಲ್ಪವೂ ನಿಧಾನಿಸದೆ ನಮ್ಮಿಬ್ಬರ ನಡುವೆ ಹಾದುಹೋಯಿತು. ಧೂಳು ಇಳಿದಾಗ ಅವಳನ್ನು ಆಟೋದೊಳಕ್ಕೆ ಎತ್ತಿ ಕೂರಿಸುತ್ತಿದ್ದರು. ಅವಳ ಕೈ ಇನ್ನೂ ನನ್ನ ಕಡೆಗೇ ಅಡ್ಡ ಚಾಚಿತ್ತು — ಬರಬೇಡ ಎಂದು.