ಮುಖ ನೋಡಿ ಬೀಸುವ ಗಿರಣಿ

ಚಿತ್ತಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಬೋರ್ಡಿನ ಮೇಲೆ ಬಂದೇಅಲಿ ಎಂದಿದ್ದರೂ ನಡೆಸುವವಳು ಅವನ ಹೆಂಡತಿ ನಜಮುನ್ನೀಸಾ. ಬಂದೇಅಲಿ ಸಂತೆಯಿಂದ ಸಂತೆಗೆ ತಿರುಗಿ ಬಟ್ಟೆ ಮಾರುವವ. ಗಿರಣಿಯ ಧೂಳು ಮೂಗಿಗೆ ಹೋದರೆ ಹದಿನಾರು ಸೀನು ಸೀನುತ್ತಾನೆ. ಕಾಳಗಿಯಿಂದ ಸೊಸೆಯಾಗಿ ಬಂದ ಇವಳೇ ಮೋಟಾರಿನ ಚಕ್ರಕ್ಕೆ ಪಟ್ಟಾ ಏರಿಸುವುದು, ಸವೆದ ಕಲ್ಲನ್ನು ಉಳಿಯಿಂದ ಕಟೆಯುವುದು ಎಲ್ಲ ಕಲಿತಳು. ಈಗ ಐವತ್ತೈದು ದಾಟಿದೆ. ರೆಪ್ಪೆಗೂದಲ ತನಕ ಹಿಟ್ಟು ಮೆತ್ತಿಕೊಂಡಿರುವ ಅವಳನ್ನು ಊರೆಲ್ಲ ಗಿರಣಿ ಚಾಚಿ ಎನ್ನುತ್ತದೆ.

ಗಿರಣಿ ಶುರುವಾಯಿತೆಂದರೆ ಒಳಗೆ ಯಾರ ಮಾತೂ ಯಾರಿಗೂ ಕೇಳದು. ಅದಕ್ಕೆ ಚಾಚಿ ಕೈಯಲ್ಲೇ ಮಾತಾಡುತ್ತಾಳೆ. ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದರೆ ಸಣ್ಣಗೆ ಬೀಸಲೇ ಎಂದು. ಐದೂ ಬೆರಳು ಬಿಡಿಸಿದರೆ ದಪ್ಪಗೆ ಎಂದು. ಉತ್ತರ ಗಿರಾಕಿಯ ಮುಖದಲ್ಲಿ ಸಿಗುತ್ತದೆ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾವ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಅದೂ ಅಲ್ಲೇ ಸಿಗುತ್ತದೆ. ಚಾಚಿಯ ಶಾಲೆ ನಾಲ್ಕನೆಯ ತರಗತಿಗೇ ನಿಂತಿತ್ತು, ಆದರೆ ಮುಖ ಓದುವುದರಲ್ಲಿ ಅವಳನ್ನು ಮೀರಿಸುವವರು ಆ ತಾಲ್ಲೂಕಿನಲ್ಲಿ ಇಲ್ಲ.

ಕಳೆದ ವರ್ಷ ದೀಪಾವಳಿ ರಜೆ ಮುಗಿದ ವಾರ, ಶಾಲೆಯ ಟೀಚರ್ ಪದ್ಮಜಾ ಒಂಬತ್ತು ವರ್ಷದ ಮಗಳು ಪ್ರಮಿತಾಳ ಜೊತೆ ಜೋಳ ಬೀಸಿಸಲು ಬಂದರು. ಕರೆಂಟ್ ಹೋಗಿತ್ತು, ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ಪ್ರಮಿತಾ ಎಲ್ಲರ ಬುಟ್ಟಿಗಳನ್ನೂ ಬಗ್ಗಿ ನೋಡಿ, ಜಾನಕೀಬಾಯಿಯವರ ಮುಂದೆ ನಿಂತು ಗಟ್ಟಿಯಾಗಿ ಹೇಳಿದಳು: "ನಿಮ್ಮ ಜೋಳದಾಗ ನುಸಿ ಆಗ್ಯಾವ. ಆಕಳಿಗಿ ನಾಕು ಹೊಟ್ಟಿ ಇರ್ತಾವ." ಜಾನಕೀಬಾಯಿ ಸೆರಗಿನಿಂದ ಬುಟ್ಟಿ ಮುಚ್ಚಿಕೊಂಡರು. ಪದ್ಮಜಾ ಮಗಳ ಕೈ ಹಿಡಿದು ಹೊರಗೆ ಎಳೆದರು, ಅವರ ಕಣ್ಣು ತುಂಬಿತ್ತು.

ಚಾಚಿ ಹಿಂದೆಯೇ ಹೋದಳು. "ಅಳಬ್ಯಾಡ್ರಿ ಟೀಚರಮ್ಮ. ನುಸಿ ಇದ್ದದ್ದು ಖರೆನ ಅದ."

ಆಗ ಪದ್ಮಜಾ ಎಲ್ಲ ಹೇಳಿಕೊಂಡರು. ಹುಡುಗಿಗೆ ಮಾತಿನ ಬರವಿಲ್ಲ, ಆದರೆ ಯಾರ ಹತ್ತಿರ, ಯಾವಾಗ, ಎಷ್ಟು ಎನ್ನುವುದು ತಿಳಿಯದು. ಯಾರು ಸಿಕ್ಕರೂ ಹಸುವಿನ ನಾಲ್ಕು ಹೊಟ್ಟೆಯ ಕಥೆ. ಒಂದು ಮದುವೆ ಊಟದಲ್ಲಿ ಮೂರನೆಯ ಹೋಳಿಗೆಗೆ ಕೈಚಾಚಿದ ಹಿರಿಯರಿಗೆ "ನಿಮಗ ಒಂದೇ ಹೊಟ್ಟಿ ಅದ" ಎಂದಿದ್ದಳಂತೆ. ಕಲಬುರಗಿಯಲ್ಲಿ ಮಾತಿನ ತರಬೇತಿ ಕೊಡುವವರು ಮುಖಗಳ ಚಿತ್ರವಿರುವ ಕಾರ್ಡು ಕೊಟ್ಟು, ಇವನ್ನು ದಿನದ ಕೆಲಸದಲ್ಲೂ ಜನರ ನಡುವೆ ರೂಢಿ ಮಾಡಿಸಿ ಎಂದಿದ್ದರು. ಸಿಟ್ಟು, ಖುಷಿ, ಬೇಸರ, ಎಲ್ಲ ಕಾರ್ಡನ್ನೂ ಪ್ರಮಿತಾ ಎರಡೇ ದಿನದಲ್ಲಿ ತಪ್ಪಿಲ್ಲದೆ ಒಪ್ಪಿಸಿದಳು. ಎದುರು ಕೂತ ತಾಯಿಯ ಮುಖ ಮಾತ್ರ ನೋಡಲಿಲ್ಲ.

"ಶಾಲ್ಯಾಗ ಊಟದ ಹೊತ್ತಿಗಿ ಹುಡುಗ್ಯಾರು ಎದ್ದು ಹೋಗ್ತಾರ. ಇಕಿಗಿ ನಾಹಿದ ಅಂದ್ರ ಜೀವ. ದಿನಾ ಕೇಳ್ತಾಳ, ನಾಹಿದ ನನ್ನ ಜೋಡಿ ಯಾಕ ಕುಂದ್ರಲ್ಲ ಅಂತ. ಏನ್ ಹೇಳ್ಲಿ?"

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಂದೂ ಗೆಳತಿ ಸಿಗದವಳಿಗೆ ಏನು ಹೇಳಬೇಕೆಂದು ಗಾದೆ ಮಾಡಿದವರಿಗೆ ಹೊಳೆದಿರಲಿಲ್ಲ. ಚಾಚಿ ಗಾದೆಯ ಗೋಜಿಗೆ ಹೋಗಲಿಲ್ಲ. "ಸಂಜಿಗಿ ಒಂದು ತಾಸು ನನ್ನ ಹತ್ರ ಬಿಡ್ರಿ" ಎಂದಳು.

ಮೊದಲ ದಿನ ಪ್ರಮಿತಾ ಗಿರಣಿಯ ಸದ್ದಿನಲ್ಲೇ ನಾಲ್ಕೂ ಹೊಟ್ಟೆ ಹೇಳಿ ಮುಗಿಸಿದಳು. ಒಂದಕ್ಷರ ಯಾರಿಗೂ ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಲು ಹೋಗಿ ಬಾಯಿ ತುಂಬ ಹಿಟ್ಟು ಹೊಕ್ಕು ಕೆಮ್ಮಿದಳು. ಚಾಚಿ ನೀರು ಕೊಟ್ಟಳು, ತನ್ನ ಮುಖದ ಕಡೆ ಬೆರಳು ತೋರಿಸಿದಳು. ಬೇರೆ ದಾರಿಯೇ ಇರಲಿಲ್ಲ, ಪ್ರಮಿತಾ ನೋಡಿದಳು.

ಮರುದಿನದಿಂದ ಗಿರಾಕಿಗಳನ್ನು ಕೈಯಲ್ಲಿ ಕೇಳುವ ಕೆಲಸ ಅವಳದಾಯಿತು. ಕೇಳುವುದು ಬೇಗ ಬಂತು. ಉತ್ತರಕ್ಕೆ ಕಾಯುವುದು ಬರಲೊಲ್ಲದು. ಒಬ್ಬಾಕೆ ಹಣೆ ಗಂಟಿಕ್ಕಿ ಬೇಡ ಬೇಡ ಎನ್ನುತ್ತಿದ್ದರೂ ನೋಡದೆ, ದಪ್ಪಗೆ ಬೀಸುವಂತೆ ಚಾಚಿಗೆ ಸನ್ನೆ ಮಾಡಿಬಿಟ್ಟಳು. ಹೋಳಿಗೆಯ ಗೋಧಿ ರವೆಯಾಗಿ ಇಳಿಯಿತು. ಚಾಚಿ ತನ್ನ ಮನೆಯ ಹಿಟ್ಟು ಕೊಟ್ಟು ಆಕೆಯನ್ನು ಕಳಿಸಿ, ರವೆಗೆ ಬೆಲ್ಲ ಹಾಕಿ ಸಜ್ಜಕ ಮಾಡಿ ಸರದಿಯಲ್ಲಿದ್ದವರಿಗೆಲ್ಲ ತಿನ್ನಿಸಿದಳು. "ನೋಡು, ಆ ಹಣಿ ಗಂಟು ಏನಂತಿತ್ತು?" ಎಂದಳು. ಪ್ರಮಿತಾ ಸಜ್ಜಕ ನೆಕ್ಕಿ ಮುಗಿಸಿ, "ನಿಲ್ಲು ಅಂತಿತ್ತು" ಎಂದಳು. ಅದರ ನಂತರ ಯಾರ ಗೋಧಿಯೂ ಕೆಡಲಿಲ್ಲ.

ಹಸುವಿನ ಕಥೆಯನ್ನು ಚಾಚಿ ಬೇಡವೆನ್ನಲಿಲ್ಲ. ಪ್ರೀತಿಯ ವಿಷಯವನ್ನು ಕಿತ್ತುಕೊಂಡರೆ ಮಗುವಿಗೆ ಉಳಿಯುವುದೇನು? ಕರೆಂಟ್ ಹೋದಾಗಲೆಲ್ಲ ಹೇಳಲು ಬಿಟ್ಟಳು, ಒಂದು ಷರತ್ತಿನ ಮೇಲೆ. "ಒಂದು ಹೊಟ್ಟಿ ಹೇಳು, ನಿಲ್ಲು, ಮುಖ ನೋಡು. ಮುಖ ಕೇಳಿದ್ರ ಎರಡನೇದು ಹೇಳು. ಇಲ್ಲಂದ್ರ ಅವರಿಗಿ ಏನರ ಕೇಳು." ಕೆಲವರು ಮೊದಲ ಹೊಟ್ಟೆಗೇ ಸುಸ್ತಾದರು, ಕೆಲವರು ಎರಡರ ತನಕ ಬಂದರು. ಜಾನಕೀಬಾಯಿ ಮಾತ್ರ, ನುಸಿಯ ಸಿಟ್ಟು ಮರೆತು, ನಾಲ್ಕೂ ಕೇಳಿ ಐದನೆಯದು ಇಲ್ಲವೇ ಎಂದರು.

ಫೆಬ್ರವರಿಯ ಒಂದು ಸಂಜೆ ನಾಹಿದ ತಲೆಯ ಮೇಲೆ ಅಕ್ಕಿಯ ಡಬ್ಬಿ ಹೊತ್ತು ಬಂದಳು. ಪ್ರಮಿತಾಳನ್ನು ಕಂಡದ್ದೇ ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಗಿರಣಿ ಮುಲುಗುಟ್ಟಿ ನಿಂತಿತು. ಇನ್ನು ಪ್ರಮಿತಾ ಬಾಯಲ್ಲೇ ಮಾತಾಡಬೇಕಿತ್ತು. ಇಂಥದ್ದನ್ನು ಕೈಸನ್ನೆಯಲ್ಲಿ ದಾಟಿಸಲು ಬರುವುದಿಲ್ಲ.

"ಆಕಳಿನ ಮೊದಲನೇ ಹೊಟ್ಟಿ ಭಾಳ ದೊಡ್ಡದು ಇರ್ತದ" ಎಂದಳು ಪ್ರಮಿತಾ. ನಿಂತಳು. ನಾಹಿದಳ ಮುಖ ನೋಡಿದಳು. ಆ ಮುಖ ಏನನ್ನೂ ಕೇಳುತ್ತಿರಲಿಲ್ಲ, ಪಕ್ಕಕ್ಕೆ ತಿರುಗಿತ್ತು. ಪ್ರಮಿತಾ ಎರಡನೆಯ ಹೊಟ್ಟೆಯನ್ನು ಬಾಯಿವರೆಗೂ ತಂದು ನುಂಗಿದ್ದು ಚಾಚಿಗೆ ಅವಳ ಗಂಟಲಲ್ಲೇ ಕಂಡಿತು.

"ನಿನ್ನ ಕೈಗಿ ಮೆಹಂದಿ ಅದ. ಎಲ್ಲಿಗಿ ಹೋಗಿದ್ದಿ?"

ನಾಹಿದ ತಿರುಗಿದಳು. "ಶಹಾಬಾದಕ್ಕ. ಖಾಲಾನ ಮದುವಿ ಇತ್ತು, ಅಮ್ಮಿ ತಂಗಿದು." ಒಂದು ಹೆಜ್ಜೆ ಒಳಗಿಟ್ಟು, "ದುಲ್ಹಾನ ಬೂಟು ನಾನೇ ಬಚ್ಚಿಟ್ಟಿದ್ದೆ" ಎಂದಳು.

"ಆಮ್ಯಾಲ?"

ಆಮೇಲೆ ಆದದ್ದು ಸಣ್ಣ ಕಥೆಯಲ್ಲ. ಬೂಟು ಬಿರಿಯಾನಿಯ ಖಾಲಿ ಹಂಡೆಗೆ ಹೋಗಿತ್ತು, ಹಂಡೆ ತೊಳೆಯುವ ಜಾಗಕ್ಕೆ ಹೋಗಿತ್ತು, ಒದ್ದೆ ಬೂಟಿನಲ್ಲೇ ಮದುಮಗ ಮನೆಗೆ ಹೋಗಿದ್ದ. ನಾಹಿದ ಡಬ್ಬಿ ಕೆಳಗಿಟ್ಟು ಪ್ರಮಿತಾಳ ಪಕ್ಕದ ಚೀಲದ ಮೇಲೆ ಕೂತೇ ಹೇಳತೊಡಗಿದಳು. ನಡುವೆ ಬಲ್ಬು ಹೊತ್ತಿತು. ಹೆಂಗಸರು ಬುಟ್ಟಿ ಎತ್ತಿಕೊಂಡು ಎದ್ದರು. ಚಾಚಿಯ ಕೈ ಸ್ವಿಚ್ಚಿನ ತನಕ ಹೋಗಿ ಹಿಂದೆ ಬಂತು. ಗೊಣಗಿದವರನ್ನು ಒಮ್ಮೆ ನೋಡಿದಳು. ಅವರು ಮತ್ತೆ ಕೂತರು.

ಮಗಳನ್ನು ಕರೆದೊಯ್ಯಲು ಬಂದ ಪದ್ಮಜಾ ಬೆಳಕಿನಲ್ಲಿ ಸುಮ್ಮನೆ ನಿಂತ ಗಿರಣಿಯನ್ನು ಕಂಡು ಹೊಸ್ತಿಲಲ್ಲೇ ಕೇಳಿದರು: "ಯಾಕ ಚಾಚಿ, ಮಶೀನ್ ಕೆಟ್ಟದೇನು?"

"ಇಲ್ಲರಿ" ಎಂದಳು ನಜಮುನ್ನೀಸಾ, ಅವರಿಗೂ ಕೂರಲು ಒಂದು ಚೀಲ ಸರಿಸುತ್ತ. "ಹುಡುಗ್ಯಾರು ಮಾತಾಡಾಕತ್ತಾರ."