ಕೀಲಿಕೈ ನನ್ನ ಸೊಂಟದಲ್ಲಿತ್ತು

ಹೋದ ವಾರ ಸೊಸೆ ಹಿತ್ತಲ ಖೋಲಿಯಲ್ಲಿ ತೊಗರಿ ಚೀಲದ ಬಾಯಿ ಬಿಚ್ಚಿದಳು. ಹುಳ ಬೀಳಬಾರದೆಂದು ಕಾಳಿಗೆ ಇಡುವ ಗುಳಿಗೆಯ ನಾತ ಎದ್ದಿತು. ಬೆಳ್ಳುಳ್ಳಿ ಕೊಳೆತಂಥ ನಾತ. ಸೊಸೆ ಮೂಗಿಗೆ ಸೆರಗು ಹಿಡಿದು ಹೊರಗೆ ಓಡಿದಳು. ನನಗೆ ನರ್ಸಮ್ಮ ನೆನಪಾದಳು.

ನಾನು ಎರಡನೇ ಇಯತ್ತೆ ಓದಿದವಳು. ಬರೆಯುವುದು ನಿಧಾನ. ಆದರೂ ಇದನ್ನು ಬೇರೆಯವರ ಕೈಲಿ ಬರೆಸುವ ಹಾಗಿಲ್ಲ.

ನಮ್ಮೂರು ಪಾಮನಕಲ್ಲೂರಿನಿಂದ ಇನ್ನೂ ಒಳಗೆ. ಎರೆಮಣ್ಣಿನ ದಾರಿ, ಮಳೆ ಬಂದರೆ ಬಸ್ಸಿಲ್ಲ. ನಮ್ಮ ಮಾವ ಕೊಟ್ಟ ಜಾಗದಲ್ಲಿ ಸರಕಾರದವರು ಸಣ್ಣ ದವಾಖಾನೆ ಕಟ್ಟಿಸಿದರು. ಎರಡೇ ಖೋಲಿ. ಒಂದು ಜನರನ್ನು ನೋಡಲಿಕ್ಕೆ, ಇನ್ನೊಂದು ನರ್ಸ್ ಇರಲಿಕ್ಕೆ. ಕಟ್ಟಿದ ಮೇಲೆ ವರ್ಷಗಟ್ಟಲೆ ಯಾರೂ ಬರಲಿಲ್ಲ. ಕೀಲಿಕೈ ನಮ್ಮ ಮನೆಯಲ್ಲೇ ಉಳಿಯಿತು. ಮೊದಲು ನಾಲ್ಕು ಚೀಲ ತೊಗರಿ ಇಟ್ಟೆವು. ಆಮೇಲೆ ಹತ್ತಿಬೀಜ, ಪೈಪು, ಹಳೆಯ ಕುಂಟೆ… ಖೋಲಿ ನಮ್ಮದೇ ಆಗಿಹೋಯಿತು.

ಆಗ ಈ ನರ್ಸಮ್ಮ ಬಂದಳು. ನೆಲ್ಲು ಬೆಳೆಯುವ ಮುಕ್ಕುಂದದ ಕಡೆಯವಳು, ಅನ್ನ ಉಂಡು ಬೆಳೆದವಳು. ಹೆಂಗಸರು ಕಾಡಿಸಿದರು.

“ನೆಲ್ಲಿನ ಸೀಮಿಯಾಕಿ, ನಿನಗ ರೊಟ್ಟಿ ಬಡಿಯಾಕ ಬರ್ತೈತೇನ ಬೇ?”

“ಬಡಿಯಾಕ ಬರಂಗಿಲ್ಲ, ತಿನ್ನಾಕ ಬರ್ತೈತಿ. ಯಾರ ಮನ್ಯಾಗ ಬಿಸಿ ಅದಾವ ಹೇಳ್ರಿ.”

ಬೆಳಗಿನ ಬಸ್ಸಿಗೆ ಮಸ್ಕಿಯಿಂದ ಬರುತ್ತಿದ್ದಳು. ಕನ್ನಡ ಸಾಲಿ ಕಟ್ಟೆಯ ಮೇಲೆ ಕೂತು ಕೂಸುಗಳಿಗೆ ಸೂಜಿ ಹಾಕುತ್ತಿದ್ದಳು. ಬಸುರಿಯರ ಕಣ್ಣ ರೆಪ್ಪೆ ಎಳೆದು, ರಕ್ತ ಐತೋ ಇಲ್ಲೋ ನೋಡುತ್ತಿದ್ದಳು. ಅವಳು ಕೊಟ್ಟ ಕೆಂಪು ಗುಳಿಗೆಗಳನ್ನು ನಮ್ಮ ಹೆಂಗಸರು ತಿಪ್ಪೆಗೆ ಎಸೆಯುತ್ತಿದ್ದರು. ಒಂದು ದಿನ ತಿಪ್ಪೆಯಲ್ಲಿ ಅವನ್ನು ಕಂಡಳು. ಬೈಯಲಿಲ್ಲ. ಅಂದಿನಿಂದ ಹೊಲದ ತನಕ ನಡೆದು ಹೋಗಿ ಎದುರಿಗೇ ನುಂಗಿಸಿ ಬರುತ್ತಿದ್ದಳು. ನಾಲ್ಕು ಗಂಟೆಗೆ ಕೊನೆಯ ಬಸ್ಸು. ಇರಲಿಕ್ಕೆ ಜಾಗ ಇಲ್ಲದವಳು ಅದನ್ನು ಹತ್ತಲೇಬೇಕು.

ಮೊದಲ ಸಲ ಕೀಲಿಕೈ ಕೇಳಿದಾಗ ಸುಗ್ಗಿ ಮುಗಿಯಲಿ ಅಂದೆ. ಎರಡನೇ ಸಲ ಯಜಮಾನರು ಊರಲ್ಲಿಲ್ಲ ಅಂದೆ. ಅವರು ಒಳಗೆ ಉಣ್ಣುತ್ತಿದ್ದರು. ಮೂರನೇ ಸಲ, “ಕಾಳಿಗೆ ಗುಳಿಗಿ ಇಟ್ಟೀವಿ, ಬಾಗಿಲ ತಗಿಯಂಗಿಲ್ಲ” ಅಂದೆ.

“ಅಮ್ಮಾರ, ತೊಗರಿಗೆ ಇರಾಕ ಜಾಗ ಐತಿ, ನನಗಿಲ್ಲೇನ್ರಿ?” ಅಂದು ನಕ್ಕಳು.

“ಮ್ಯಾಲಿನವ್ರಿಗೆ ಹೇಳಿಕೊಳ್ಳಬೇಕಂದ್ರ ಹೇಳಿಕೊ ಹೋಗು” ಅಂದೆ.

“ನಿಮ್ಮೂರಾಗ ಇರಾಕ ಬಂದಾಕಿ ನಾ. ನಿಮ್ಮ ಕೂಡ ಜಗಳ ತಗದು ಹೆಂಗ ಇರ್ಲಿ?”

ಆ ಮಾತಿಗೂ ನಾನು ಕರಗಲಿಲ್ಲ. ಕೀಲಿಕೈ ಸೊಂಟದಲ್ಲೇ ಇತ್ತು.

ನಮ್ಮ ಹೊಲದಲ್ಲಿ ಹತ್ತಿ ಬಿಡಿಸುವವಳೊಬ್ಬಳು ತುಂಬು ಬಸುರಿ. ಒಂದು ದಿನ ನರ್ಸಮ್ಮ ಹತ್ತಿದ ಬಸ್ಸು ಹೋದ ಅರ್ಧ ತಾಸಿಗೆ ಅವಳಿಗೆ ಹೆರಿಗೆ ಬ್ಯಾನಿ ಹತ್ತಿತು. ಕೂಸು ಅಡ್ಡ ಬಂದಿತ್ತು. ನಮ್ಮ ಟ್ರ್ಯಾಕ್ಟರಿನಲ್ಲೇ ಮಸ್ಕಿಗೆ ಒಯ್ದೆವು. ಹೆಂಗಸು ಉಳಿದಳು, ಗಂಡು ಕೂಸು ಉಳಿಯಲಿಲ್ಲ. ಟ್ರ್ಯಾಕ್ಟರ್ ಕೊಟ್ಟಿದ್ದಕ್ಕೆ ಊರವರು ನಮ್ಮನ್ನು ಹೊಗಳಿದರು. ನರ್ಸಮ್ಮನನ್ನು ಬೈದರು. ಪಗಾರ ತಿಂದು ಊರಲ್ಲಿ ಇರದವಳು ಅಂತ ಅರ್ಜಿ ಹೋಯಿತು.

ಆಕೆ ಇದ್ದಿದ್ದರೆ ಕೂಸು ಉಳಿಯುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಆದರೆ ಆಕೆ ಇರದಂತೆ ಮಾಡಿದವಳು ನಾನು.

ವಿಚಾರಣೆಗೆ ಲಿಂಗಸುಗೂರಿನಿಂದ ಸಾಹೇಬರು ಬಂದರು. ಸಾಲಿ ಕಟ್ಟೆಯ ಮುಂದೆ ಊರೇ ಸೇರಿತ್ತು. “ಖೋಲಿ ಖಾಲಿ ಇಲ್ರಿ ಸರ್” ಅಂದಳು ನರ್ಸಮ್ಮ. ಯಾರ ಸಾಮಾನು ಅಂತ ಕೇಳಿದರೆ ಹೇಳಲಿಲ್ಲ. ನನ್ನ ಕಡೆ ನೋಡಿದಳು. ನಾನೇ ಬಾಯಿ ಬಿಡಲಿ ಅಂತ ಕಾದಳು ಅನಿಸುತ್ತದೆ. ಬಿಟ್ಟೆ.

“ಕೀಲಿಕೈ ಕೇಳಿದ್ರ ಕೊಡ್ತಿದ್ವಿರಿ. ಆಕಿ ಒಮ್ಮಿನೂ ಕೇಳಿಲ್ಲ.”

ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡಳು… ಆಮೇಲೆ ಅವಳ ಮುಖ ಹೇಗಿತ್ತೋ, ನಾನು ನೆಲ ನೋಡುತ್ತಿದ್ದೆ. ತಿಂಗಳೊಳಗೆ ಅವಳನ್ನು ಬೇರೆ ಕಡೆ ಹಾಕಿದರು. ಸಾಹೇಬರು ಹೇಳಿ ಹೋದದ್ದಕ್ಕೆ ನಾವು ಖೋಲಿ ಖಾಲಿ ಮಾಡಿದೆವು. ಎರಡು ಟ್ರಿಪ್ಪು, ಒಂದು ಮುಂಜಾನೆಯ ಕೆಲಸ. ಚೀಲಗಳಿಗೆ ನಮ್ಮ ಪಡಸಾಲೆಯಲ್ಲೇ ಜಾಗವಿತ್ತು.

ಈಗಿನ ನರ್ಸ್ ಅದೇ ಖೋಲಿಯಲ್ಲಿ ಇರುತ್ತಾಳೆ. ತೊಗರಿ ಬಿಚ್ಚಿದ ಮರುದಿನ ಬಿಪಿ ನೋಡಿಸಲಿಕ್ಕೆ ಹೋದವಳು ಹಳೆಯ ನರ್ಸಮ್ಮ ಎಲ್ಲಿದ್ದಾಳೆ ಅಂತ ಕೇಳಿದೆ. ಸಿಂಧನೂರಿನಲ್ಲಿ ತೀರಿಕೊಂಡು ಎರಡು ವರ್ಷವಾಯಿತಂತೆ. ಬಿಪಿ ಜಾಸ್ತಿ ಐತಿ ಅಂದಳು ಈ ಹುಡುಗಿ. ಇರಲಿ ಅಂದೆ.

ಅಲ್ಲಿಂದ ನೇರ ಆ ಹತ್ತಿ ಬಿಡಿಸುವವಳ ಮನೆಗೆ ಹೋದೆ. ಅವಳೂ ಈಗ ಮುದುಕಿ. ಇಷ್ಟು ವರ್ಷವೂ ಆ ನರ್ಸಮ್ಮನನ್ನು ಬೈಯುತ್ತಲೇ ಬಂದವಳು. ನಿಂತುಕೊಂಡೇ ಹೇಳಿದೆ.

“ಆಕಿ ಮೂರು ಸಲ ಕೇಳಿದ್ಲು. ನಾನ ಕೊಡಲಿಲ್ಲ.”

ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಲ್ಲಲಿಲ್ಲ.

“ಗೊತ್ತಿತ್ರಿ ಎವ್ವಾ. ಊರಿಗೆಲ್ಲ ಗೊತ್ತಿತ್ತು.”

“ಮತ್ತ ಆಕಿನ್ನ ಯಾಕ ಬೈತಿದ್ದಿ?”

“ನಿಮ್ಮನ್ನ ಬೈದ್ರ ಮರುದಿನ ಯಾರ ಹೊಲಕ್ಕ ಹೋಗ್ಲಿರಿ?”

ನರ್ಸಮ್ಮ ಸತ್ತಿದ್ದಾಳೆ ಅಂದೆ. ಆಗ ಮೊರ ಕೆಳಗಿಟ್ಟಳು. “ಆಕಿ ಕೈ ಭಾಳ ಹಗುರಿತ್ತು. ಸೂಜಿ ಚುಚ್ಚಿದ್ದ ಗೊತ್ತಾಗ್ತಿರ್ಲಿಲ್ಲ” ಅಂದಳು. ನನಗೆ ಚಹಾ ಕಾಸಿ ಕೊಟ್ಟಳು. ಕುಡಿದೆ.

ತಪ್ಪಾಯಿತು ಅಂತ ನಾನು ಅವಳಿಗೆ ಹೇಳಲಿಲ್ಲ. ಹೇಳಿದರೆ, ಇರಲಿ ಬಿಡ್ರಿ ಅನ್ನುತ್ತಿದ್ದಳು. ನಾಳೆಯೂ ಅವಳ ಸೊಸೆ ನಮ್ಮ ಹೊಲಕ್ಕೆ ಬರಬೇಕು, ಬೇರೆ ಏನು ಅಂದಾಳು? ಇಲ್ಲ, ಕ್ಷಮಿಸಂಗಿಲ್ಲ ಅಂತ ನನ್ನ ಮುಖಕ್ಕೆ ಹೇಳಬಹುದಾಗಿದ್ದವಳು ನರ್ಸಮ್ಮ ಒಬ್ಬಳೇ. ಬದುಕಿದ್ದಾಗ ಅವಳು ಎಲ್ಲಿದ್ದಾಳೆ ಅಂತ ಹುಡುಕಿಕೊಂಡು ನಾನು ಹೋಗಲೇ ಇಲ್ಲ.